ಪುರುಸೊತ್ತಿನ ಚರಿತ್ರೆ

ದಲಿತ ಸಾಹಿತ್ಯದ ಬಗ್ಗೆ ನಡೆಯುವ ವಿಚಾರಸಂಕಿರಣಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ನಿಮ್ಮವರು ಯಾಕ್ರೀ ಇಷ್ಟು ಕಡಿಮೆ ಬರೀತಾರೆ? ಕೇಳುವವರು ಸಾಮಾನ್ಯವಾಗಿ ದೇವನೂರ ಮಹಾದೇವ ಅವರನ್ನು ಮುಂದಿಡುತ್ತಾರೆ. 1973ರಲ್ಲಿ 'ದ್ಯಾವನೂರು' ಬಂತು, ಆಮೇಲೆ 'ಒಡಲಾಳ', 'ಕುಸುಮಬಾಲೆ'. ಮೂರನ್ನೂ ಒಂದರ ಮೇಲೊಂದು ಇಟ್ಟರೂ ಒಂದು ದಪ್ಪ ಕಾದಂಬರಿಯಷ್ಟು ಎತ್ತರ ಆಗುವುದಿಲ್ಲ. ಇದಕ್ಕೆ ಉತ್ತರ ಕೊಡುವ ನಮ್ಮ ವಿಮರ್ಶಕರು ಸಂಯಮ, ಮೌನದ ಭಾಷೆ, ಕಾವ್ಯಗುಣ ಮುಂತಾದ ಮಾತುಗಳನ್ನಾಡುತ್ತಾರೆ. ಅವೂ ನಿಜವಿರಬಹುದು. ಆದರೆ ಕೇಳುವವರೂ ಉತ್ತರಿಸುವವರೂ ಪುಟ ಎಣಿಸುತ್ತಾರೆಯೇ ಹೊರತು ಗಂಟೆ ಎಣಿಸುವುದಿಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ರಾಜಾಶ್ರಯಕ್ಕೆ ಅಧ್ಯಾಯವಿದೆ, ಮತಧರ್ಮಕ್ಕಿದೆ, ಛಂದಸ್ಸಿಗಿದೆ. ಪುರುಸೊತ್ತಿಗೆ ಇಲ್ಲ. ಬರೆಯಲು ಬೇಕಾದ ಹೊತ್ತು ಯಾರಿಗಿತ್ತು, ಅದು ಎಲ್ಲಿಂದ ಬಂತು, ಯಾರ ಹೊತ್ತನ್ನು ಕಿತ್ತು ಯಾರಿಗೆ ಕೊಡಲಾಯಿತು ಎಂದು ಕೇಳತೊಡಗಿದರೆ ಈ ಚರಿತ್ರೆಯ ಚಹರೆಯೇ ಬೇರೆಯಾಗಿ ಕಾಣುತ್ತದೆ. ಈ ಪ್ರಶ್ನೆಯನ್ನು ಮೇಲಿನವರ ಕಡೆಗಷ್ಟೇ ಎಸೆದು ನಾವು ಕೈತೊಳೆದುಕೊಳ್ಳಲಾಗುವುದಿಲ್ಲ ಎಂಬುದು ನನ್ನ ವಾದ. ಅದು ತಿರುಗಿ ನಮ್ಮ ಕೇರಿಗೇ, ನಮ್ಮ ಮನೆಯ ಒಲೆಯ ಹತ್ತಿರಕ್ಕೇ ಬರುತ್ತದೆ.

ಪಂಪನಿಂದಲೇ ಶುರು ಮಾಡೋಣ. 941ರಲ್ಲಿ ಮುಗಿದ 'ಆದಿಪುರಾಣ' ಮೂರು ತಿಂಗಳಲ್ಲಿ, 'ವಿಕ್ರಮಾರ್ಜುನ ವಿಜಯ' ಆರು ತಿಂಗಳಲ್ಲಿ ಆಯಿತೆಂದು ಕವಿಯೇ ಹೇಳಿಕೊಂಡಿದ್ದಾನೆ. ನಮ್ಮ ಮೇಷ್ಟ್ರುಗಳು ಇದನ್ನು ಪ್ರತಿಭೆಯ ವೇಗಕ್ಕೆ ಸಾಕ್ಷಿಯಾಗಿ ಪಾಠ ಮಾಡಿದರು. ನಾನೂ ಹಾಗೇ ನೋಟ್ಸ್ ಬರೆದುಕೊಂಡು ಪರೀಕ್ಷೆ ಪಾಸಾದೆ. ಅರಿಕೇಸರಿ ಪಂಪನಿಗೆ ಧರ್ಮವುರ ಎಂಬ ಅಗ್ರಹಾರವನ್ನು ಕೊಟ್ಟದ್ದೂ ಅದೇ ನೋಟ್ಸಿನಲ್ಲಿತ್ತು, ಆದರೆ ಬೇರೆ ಪುಟದಲ್ಲಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಗ್ರಹಾರವೆಂದರೆ ಬರೀ ಮಣ್ಣಲ್ಲ. ಆ ಮಣ್ಣನ್ನು ಉಳುವವರ ಗೇಮೆ. ದಾನ ಪಡೆದವನಿಗೆ ಮುಂದಿನ ಸುಗ್ಗಿಯ ಚಿಂತೆ ಇಲ್ಲ ಅಂದರೆ, ಆ ಚಿಂತೆಯನ್ನು ಇನ್ಯಾರೋ ತಲೆಯ ಮೇಲೆ ಹೊತ್ತಿದ್ದಾರೆ ಎಂದೇ ಅರ್ಥ. ಶಾಸನಗಳು ಭೂಮಿಯ ಎಲ್ಲೆಯನ್ನು ಕಲ್ಲು, ಮರ, ಹಳ್ಳದ ಸಮೇತ ಹೇಳುತ್ತವೆ. ಉಳುವವನ ಹೆಸರು ಅಲ್ಲಿ ಸಿಗುವುದು ಅಪರೂಪ. ಪಂಪನ ದೊಡ್ಡತನವನ್ನು ಇದರಿಂದ ಕಮ್ಮಿ ಮಾಡುವ ಇರಾದೆ ನನಗಿಲ್ಲ, ಅವನು ನನಗೂ ಪ್ರಿಯ ಕವಿ. ಆ ಆರು ತಿಂಗಳು ಪುಕ್ಕಟೆ ಬಂದದ್ದಲ್ಲ ಎಂದಷ್ಟೇ ನನ್ನ ಮಾತು.

ಹನ್ನೆರಡನೇ ಶತಮಾನದಲ್ಲಿ ಈ ಲೆಕ್ಕ ಸ್ವಲ್ಪ ಅಲುಗಾಡಿತು. ಮಾದಾರ ಚೆನ್ನಯ್ಯನ ಹೆಸರಿನಲ್ಲಿ ಸಿಗುವ ವಚನಗಳ ಅಂಕಿತವನ್ನು ಗಮನಿಸಿ. ದೇವರ ಹೆಸರಿಗೆ ಮುಂಚೆ ಅಲ್ಲಿ ಉಳಿ, ಕತ್ತಿ, ಅಡಿಗುಂಟಗಳು ಬಂದು ಕೂರುತ್ತವೆ. ಕೆಲಸದ ಸಾಮಾನನ್ನು ಕೈಯಿಂದ ಕೆಳಗಿಡದೆ ಆಡಿದ ಮಾತು ಅದು. ಬಿದ್ದ ಅಕ್ಕಿ ಆಯ್ದು ತರುವ ಮನೆಯ ಲಕ್ಕಮ್ಮ, ಕಸ ಗುಡಿಸುವುದೇ ಕಾಯಕವೆಂದು ಪರಂಪರೆ ಹೇಳುವ ಸತ್ಯಕ್ಕ ಇವರೆಲ್ಲ ಮಹಾಕಾವ್ಯಕ್ಕೆ ಕೈಹಾಕಲಿಲ್ಲ. ವಚನ ಚಿಕ್ಕದಾಗಿರುವುದಕ್ಕೆ ತಾತ್ವಿಕ ಕಾರಣಗಳನ್ನು ಪಂಡಿತರು ಬೇಕಾದಷ್ಟು ಕೊಟ್ಟಿದ್ದಾರೆ. ಎರಡು ಕೆಲಸದ ನಡುವೆ ಉಸಿರು ಬಿಡುವಷ್ಟು ಹೊತ್ತಿಗೆ ಹಿಡಿಸುವ ರೂಪ ಅದು ಎಂಬ ಸಾದಾ ಕಾರಣವನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು ಎಂದು ನನಗನ್ನಿಸುತ್ತದೆ.

ಆ ಬಾಗಿಲೂ ಮುಚ್ಚಿಕೊಂಡ ಮೇಲಿನ ಶತಮಾನಗಳಲ್ಲಿ ಕೇರಿಯ ಹೊತ್ತು ಕೇರಿಯದಾಗಿರಲಿಲ್ಲ. ತೋಟಿ, ತಳವಾರರನ್ನು ಊರು ಕರೆದಾಗ ಹೋಗಬೇಕು. ಸಾವಿನ ಸುದ್ದಿ ಮುಟ್ಟಿಸಲು, ಡಂಗುರ ಸಾರಲು, ನೀರು ಕಟ್ಟಲು, ಬಂದ ಅಧಿಕಾರಿಯ ಗಂಟು ಹೊರಲು. ಇಷ್ಟು ಗಂಟೆಯಿಂದ ಇಷ್ಟು ಗಂಟೆ ಎಂಬ ಮಾತೇ ಇಲ್ಲ. ದುಡಿಮೆ ಹೆಚ್ಚು ಅನ್ನುವುದಕ್ಕಿಂತ, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ ಅನ್ನುವುದು ಮನಸ್ಸನ್ನು ತಿನ್ನುವ ಸಂಗತಿ. ಕರೆ ಬರಬಹುದು ಎಂದು ಕಾಯುತ್ತಿರುವವನಿಗೆ ಸುಮ್ಮನೆ ಕೂತಿರುವ ಹೊತ್ತೂ ತನ್ನದಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಇದನ್ನು ಕಾಗದದ ಮೇಲೆ ತೆಗೆದುಹಾಕಿತು, 1976ರ ಕಾಯಿದೆ ಜೀತವನ್ನು ತೆಗೆದುಹಾಕಿತು. ಕಾಗದದಿಂದ ಊರಿಗೆ ಬರಲು ಎಷ್ಟು ವರ್ಷ ಬೇಕಾಯಿತೆಂದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಆ ಕಾಲದಲ್ಲಿ ಸೃಷ್ಟಿ ನಿಂತುಹೋಗಿತ್ತೇ? ನಮ್ಮ ಕನಕಪುರ, ರಾಮನಗರ, ಚನ್ನಪಟ್ಟಣದ ಕಡೆಯ ಒಕ್ಕಲುಗಳು ಜನವರಿ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿಗೆ ಹೋಗುತ್ತವೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಈ 'ರಾತ್ರಿಯಿಡೀ' ಎನ್ನುವುದನ್ನು ಜಾನಪದ ವಿದ್ವಾಂಸರು ಆಚರಣೆಯ ಲಕ್ಷಣವೆಂದು ಬರೆದುಕೊಂಡರು. ಹಗಲು ಗೌಡರ ಹೊಲದಲ್ಲಿ ಕಳೆದುಹೋದವರಿಗೆ ಉಳಿಯುವುದು ರಾತ್ರಿ ಒಂದೇ. ನಿದ್ದೆಯನ್ನು ಕೊಟ್ಟು ಕಾವ್ಯವನ್ನು ಕೊಂಡರು. ಅಷ್ಟು ದೊಡ್ಡ ಕಾವ್ಯ ಯಾರದೋ ಒಬ್ಬರ ಆರು ತಿಂಗಳಲ್ಲಿ ಆದದ್ದಲ್ಲ, ಎಷ್ಟೋ ತಲೆಮಾರಿನ ಕದ್ದ ರಾತ್ರಿಗಳಲ್ಲಿ ಆದದ್ದು.

ಹೊತ್ತು ಕದಿಯುವುದು ನಮ್ಮ ಅಕ್ಷರಸ್ಥ ತಲೆಮಾರಿಗೂ ತಪ್ಪಲಿಲ್ಲ. ಮುಂಬಯಿಯ ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಬಾಲಕ ಅಂಬೇಡ್ಕರರನ್ನು ಬೇಗ ಮಲಗಿಸಿ, ತಂದೆ ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದು, ಆಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರಂತೆ. ಒಬ್ಬರ ನಿದ್ದೆ ಇನ್ನೊಬ್ಬರ ಓದಾಯಿತು. ನಮ್ಮ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ 'ಊರು-ಕೇರಿ' ಓದಿದವರಿಗೆ, ಅಪ್ಪನ ಹೆಗಲಿಗೆ ಎತ್ತಿನಂತೆ ನೊಗ ಹೂಡಿದ್ದನ್ನು ಹುಡುಗ ನೋಡಿದ ಪ್ರಸಂಗ ಮರೆಯುವುದಿಲ್ಲ. ಅದೇ ಪುಸ್ತಕದಲ್ಲಿ ಬೆಂಗಳೂರಿನ ಸ್ಮಶಾನವೂ ಬರುತ್ತದೆ. ಶ್ರೀರಾಮಪುರದ ಗದ್ದಲದಲ್ಲಿ ಕೂರಲು ಜಾಗವಿಲ್ಲದ ಹುಡುಗನಿಗೆ ಓದಲು, ಬರೆಯಲು ಒಂದಿಷ್ಟು ಸದ್ದಿಲ್ಲದ ಜಾಗ ಸಿಕ್ಕಿದ್ದು ಹೆಣ ಸುಡುವಲ್ಲಿ. ಅವರು ಅದನ್ನು ನಗುತ್ತ ಹೇಳುತ್ತಾರೆ, ನಾವೂ ನಗುತ್ತ ಓದುತ್ತೇವೆ. ಬದುಕಿದ್ದವರ ನಡುವೆ ಇಲ್ಲದ ಕೋಣೆಯನ್ನು ಸತ್ತವರು ಕೊಟ್ಟರು.

ಆಮೇಲೆ ಹಾಸ್ಟೆಲುಗಳು ಬಂದವು. ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಬೆಂಗಳೂರಿನ ಹಾಸ್ಟೆಲು ಸಿದ್ಧಲಿಂಗಯ್ಯನವರಂಥ ಎಷ್ಟೋ ಹುಡುಗರಿಗೆ ಕೊಟ್ಟದ್ದು ಅನ್ನಕ್ಕಿಂತ ಹೆಚ್ಚಾಗಿ ಸಂಜೆಯನ್ನು: ಸೌದೆ ತರಬೇಕಿಲ್ಲದ, ದನ ಕಟ್ಟಬೇಕಿಲ್ಲದ, ಲೈಟು ಇರುವ ಸಂಜೆ. 1970ರ ದಶಕದ ದಲಿತ ಕಾವ್ಯ ಹಾಸ್ಟೆಲಿನ ಸಂಜೆಗಳ ಬೆಳೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಮೇಲೆ ಗಲಾಟೆಯೆದ್ದಾಗ ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದದ್ದು ಆಕಸ್ಮಿಕವಲ್ಲ.

ಆದರೆ ಆ ಸಂಜೆಗಳನ್ನು ಚಳವಳಿ ಕೂಡಲೇ ಕೇಳಿತು. 1975ರ 'ಹೊಲೆಮಾದಿಗರ ಹಾಡು' ಮೆರವಣಿಗೆಯ ಗಂಟಲಿಗೆ ಒಗ್ಗಿದ ಪುಸ್ತಕ. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕ್ಲಾಸು ಮುಗಿಸಿ ಬಸ್ಸು ಹತ್ತಿ ಯಾವುದೋ ಹಳ್ಳಿಯ ದೌರ್ಜನ್ಯದ ಜಾಗಕ್ಕೆ ಹೋಗುವ ಮೇಷ್ಟ್ರಿಗೆ ಕಾದಂಬರಿ ಬರೆಯಿರಿ ಎಂದು ಯಾವ ಬಾಯಿಂದ ಹೇಳುವುದು? 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದಾಗ ಪರಿಷತ್ತು ಒಪ್ಪಲಿಲ್ಲ. ಗೋಷ್ಠಿ ಅಂದರೆ ಏನು? ಕಾರ್ಯಕ್ರಮಪಟ್ಟಿಯಲ್ಲಿ ಒಂದು ಹೊತ್ತು. ಅಷ್ಟನ್ನೂ ಕೊಡದಿದ್ದಾಗ ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಮಹಾದೇವ ಅವರ ಪುಟ ಎಣಿಸುವವರು ಸಭೆ, ಧರಣಿ, ರಾಜಿ ಪಂಚಾಯ್ತಿಗಳಲ್ಲಿ ಹೋದ ದಶಕಗಳನ್ನೂ ಅದೇ ತಕ್ಕಡಿಗೆ ಹಾಕಲಿ.

ಇಲ್ಲಿ ನನ್ನಂಥವರ ಪಾಡನ್ನೂ ಸ್ವಲ್ಪ ಹೇಳಬೇಕು. ಹಾರೋಹಳ್ಳಿ ಮೊದಲು ಕನಕಪುರ ತಾಲ್ಲೂಕಿನ ಹೋಬಳಿ, ಈಗ ತಾಲ್ಲೂಕು. ಕೈಗಾರಿಕಾ ಪ್ರದೇಶ ಬಂದ ಮೇಲೆ ಊರಿನ ಹೊತ್ತನ್ನು ಅಳೆಯುವುದು ಫ್ಯಾಕ್ಟರಿ ಬಸ್ಸುಗಳು. ಹುಡುಗರು ಶಿಫ್ಟಿನ ಲೆಕ್ಕದಲ್ಲಿ ಮಲಗುತ್ತಾರೆ, ಏಳುತ್ತಾರೆ. ನಾನು ಅತಿಥಿ ಉಪನ್ಯಾಸಕ. ಅತಿಥಿ ಅಂತ ಕರೆದು ಎಲೆ ಹಾಕದೆ ಕೂರಿಸುವ ಪದ್ಧತಿ ಇದು. ಪಾಠ, ಇಂಟರ್ನಲ್ ಅಂಕ, ಕಡತ ತುಂಬುವ ಕೆಲಸ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ಇಬ್ಬರು ಮೂವರು ಕಾದಿರುತ್ತಾರೆ. ಕೇರಿಯಲ್ಲಿ ಎಂ.ಎ. ಓದಿದವನೆಂದರೆ ಎಲ್ಲರ ಅರ್ಜಿ ಬರೆಯುವವನು. ಜಾತಿ ಸರ್ಟಿಫಿಕೇಟು, ವಿಧವಾ ವೇತನ, ಪಹಣಿಯಲ್ಲಿ ತಪ್ಪಿದ ಹೆಸರು, ಹಾಸ್ಟೆಲ್ ಸೀಟು. 'ಅಪ್ಪಾ, ನೀನೇ ಒಂದೆರಡು ಅಕ್ಷರ ಬರ್ದ್ಕೊಡು' ಅಂದಾಗ ಆಗಲ್ಲ ಅನ್ನುವ ನಾಲಿಗೆ ನನಗಿಲ್ಲ. ಬೇಡವೂ ಬೇಡ. ಒಬ್ಬ ಮುದುಕಿ ಗಂಡ ಸತ್ತ ವರ್ಷವನ್ನು ನೆನಪಿಸಿಕೊಳ್ಳಲು ಯಾವ ಬರದ ವರ್ಷ, ಯಾವ ಹಸು ಕರು ಹಾಕಿದ ವರ್ಷ ಎಂದು ಸುತ್ತಿ ಸುತ್ತಿ ಹೇಳುವುದನ್ನು ಕೇಳಿಸಿಕೊಂಡು ಕೊನೆಗೆ ಒಂದು ಇಸವಿ ಬರೆಯುತ್ತೇನೆ. ಅರ್ಜಿಗೆ ಬೇಕಾದದ್ದು ಇಸವಿ ಮಾತ್ರ. ಉಳಿದದ್ದು ಬರೆಯದೆ ನನ್ನಲ್ಲಿ ಉಳಿದಿದೆ. ನನ್ನ ಕಥೆಗಳಿಗೆ ಅಡ್ಡಿಯಾಗಿರುವುದೂ ಇದೇ, ಅವುಗಳ ಬಂಡವಾಳವೂ ಇದೇ.

ಆದರೂ ರಾತ್ರಿ ಒಂಬತ್ತರ ಮೇಲೆ ನನಗೆ ಒಂದೂವರೆ ಗಂಟೆ ಸಿಗುತ್ತದೆ. ಅದು ಎಲ್ಲಿಂದ ಬರುತ್ತದೆ? ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ 25 ದಿನ, ನಡುವೆ ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಹುಳು ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ಆ ವಾರ ಮನೆಯ ಹೆಂಗಸರು ಮಲಗುವುದು ಅಂತ ಇಲ್ಲ, ಒರಗುವುದಷ್ಟೆ. ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡುವ ದಿನ ಅವ್ವ ನನ್ನನ್ನೂ ಕರೆಯುತ್ತಾಳೆ: 'ಉಳ ಅಣ್ಣಾಗವೆ ಕಣಪ್ಪ, ಬರಿಯಾದು ಆಮೇಕೆ ಬರ್ಕೊ'. ಉಳಿದ ದಿನಗಳಲ್ಲಿ ಕರೆಯುವುದಿಲ್ಲ. 'ಅವನು ಬರೀತಾವ್ನೆ, ಸುಮ್ಕಿರಿ' ಎಂದು ತಂಗಿಯನ್ನು ಎಬ್ಬಿಸುತ್ತಾಳೆ. ತಂಗಿಯೂ ಬಿ.ಎ. ಓದಿದವಳು. ಅವಳಿಗೂ ಬರೆಯಲು ಬರುತ್ತದೆ.

ವರ್ಜೀನಿಯಾ ವೂಲ್ಫ್ 1929ರಲ್ಲಿ, ಹೆಣ್ಣು ಬರೆಯಬೇಕಾದರೆ ತನ್ನದೇ ಒಂದು ಕೋಣೆ, ವರ್ಷಕ್ಕೆ 500 ಪೌಂಡು ಬೇಕು ಎಂದಳು. ಅವಳ ಮನೆಯಲ್ಲಿ ಅಡಿಗೆಗೆ ನೆಲ್ಲಿ ಬಾಕ್ಸಾಲ್ ಎಂಬ ಹೆಣ್ಣಿದ್ದಳು, ಇಬ್ಬರ ಜಗಳಗಳು ವೂಲ್ಫಳ ದಿನಚರಿಯ ತುಂಬಾ ಇವೆ. ಕೋಣೆಯನ್ನು ಕೇಳುವವರು ಆ ಕೋಣೆಯನ್ನು ಗುಡಿಸುವವರ ಮಾತನ್ನೂ ಎತ್ತಬೇಕಾಗುತ್ತದೆ. ದಲಿತ ಗಂಡಸರ ಆತ್ಮಕಥನಗಳಲ್ಲಿ ಅವ್ವ ಎಲ್ಲೆಲ್ಲೂ ಇದ್ದಾಳೆ: ಕಣ್ಣೀರಾಗಿ, ಮಮತೆಯಾಗಿ, ಹಸಿವಾಗಿ. ಗಂಟೆಯಾಗಿ ಇಲ್ಲ. ಮಗ ಓದುವಾಗ ಅವಳು ಎಷ್ಟು ಹೊತ್ತಿಗೆ ಎದ್ದಳು, ಅಕ್ಕತಂಗಿಯರು ಯಾವ ಕ್ಲಾಸಿಗೆ ಸ್ಕೂಲು ಬಿಟ್ಟರು ಎಂಬುದನ್ನು ನಮ್ಮ ವಿಮರ್ಶೆ ಕೇಳಿದ್ದು ಕಡಿಮೆ. ಈ ವಿಷಯದಲ್ಲಿ ಬಾಬಾಸಾಹೇಬರು ನಮಗಿಂತ ಮುಂದಿದ್ದರು. 1935ರಲ್ಲಿ ತೀರಿಕೊಂಡ ರಮಾಬಾಯಿಯವರಿಗೆ ಪಾಕಿಸ್ತಾನದ ಬಗೆಗಿನ ತಮ್ಮ ಗ್ರಂಥವನ್ನು ಅರ್ಪಿಸಿ, ಸ್ನೇಹಿತರಿಲ್ಲದ, ಬಡತನದ ದಿನಗಳಲ್ಲಿ ತನ್ನ ಜೊತೆ ಕಷ್ಟಪಟ್ಟದ್ದನ್ನು ಅಲ್ಲೇ ನೆನೆದಿದ್ದಾರೆ. ಲಂಡನ್ನಿನ ಗ್ರಂಥಾಲಯದಲ್ಲಿ ಅವರು ಕೂತಿದ್ದ ವರ್ಷಗಳಲ್ಲಿ ಮುಂಬಯಿಯ ಮನೆ ನಡೆಸಿದವರು ಯಾರೆಂದು ಅವರಿಗೆ ಗೊತ್ತಿತ್ತು, ಅಚ್ಚಿನಲ್ಲೂ ಹೇಳಿದರು.

ಮಹಾರಾಷ್ಟ್ರದ ಫಲ್ಟಣದ ಬೇಬಿ ಕಾಂಬ್ಳೆಯವರ ಸಂಗತಿ ನನ್ನನ್ನು ಬಹಳ ಕಾಡಿದೆ. ಚಿಕ್ಕ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಆಕೆ ಗಿರಾಕಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಬರೆದರು. ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದಂತೆ ಸುಮಾರು ಇಪ್ಪತ್ತು ವರ್ಷ ಬಚ್ಚಿಟ್ಟರು. 1980ರ ದಶಕದಲ್ಲಿ ಅದು 'ಜಿಣ ಅಮುಚ' ಎಂದು ಹೊರಬಂತು. ಆ ಮನೆಯೂ ಅಂಬೇಡ್ಕರ್‌ವಾದಿ ಮನೆಯೇ. ಅಗ್ರಹಾರದವರು ಕಸಿದ ಹೊತ್ತಿನ ಲೆಕ್ಕವನ್ನು ನಾವು ಗಟ್ಟಿಯಾಗಿ ಕೇಳುತ್ತೇವೆ, ಕೇಳಲೇಬೇಕು. ಈಕೆ ಹೊತ್ತನ್ನು ಕದ್ದದ್ದು ಮಾತ್ರ ನಮ್ಮವರಿಂದಲೇ. ದಲಿತ ವಿಮರ್ಶೆ ಈ ಎರಡನೆಯ ಲೆಕ್ಕವನ್ನು ಮುಂದೂಡುತ್ತಾ ಬಂದರೆ ಕನ್ನಡದಲ್ಲಿ ದಲಿತ ಮಹಿಳೆಯರ ಪುಸ್ತಕಗಳು ಯಾಕೆ ತಡವಾಗಿ, ತೆಳುವಾಗಿ ಬಂದವು ಎಂಬ ಪ್ರಶ್ನೆಗೆ ಮತ್ತೆ ಶೈಲಿ, ಸಂವೇದನೆಗಳ ಉತ್ತರವನ್ನೇ ಕೊಡುತ್ತಿರುತ್ತದೆ. ಪುಟ ಎಣಿಸುವವರು ಆಗ ನಾವೇ ಆಗಿರುತ್ತೇವೆ.

ಈಚೆಗೆ ಮನೆಯಲ್ಲಿ ಒಂದು ಏರ್ಪಾಡು ಆಗಿದೆ. ವಾರದಲ್ಲಿ ಮೂರು ರಾತ್ರಿ ಸೊಪ್ಪಿನ ಪಾಳಿ ನನ್ನದು, ಆ ಮೂರು ರಾತ್ರಿ ಮೇಜು ತಂಗಿಯದು. ನಾನು ತಟ್ಟೆ ಬದಲಿಸುವಾಗ ಅವ್ವ ಪಕ್ಕದಲ್ಲಿ ಕೂತು ತನ್ನ ತವರಿನ ತೋಟಿ ಮನೆತನದ ಕಥೆ ಹೇಳುತ್ತಾಳೆ. ಸೊಪ್ಪು ಹಾಕಿ ಮುಗಿಯುವವರೆಗೆ ಮಾತ್ರ. ಮುಗಿದ ಕೂಡಲೇ ಎಲ್ಲಿಗಿತ್ತೋ ಅಲ್ಲಿಗೆ ನಿಲ್ಲಿಸಿ ಒರಗುತ್ತಾಳೆ. ಮಾರನೆಯ ಪಾಳಿಗೆ ಅದೇ ವಾಕ್ಯದಿಂದ ಎತ್ತಿಕೊಳ್ಳುತ್ತಾಳೆ. ಅವಳ ಅಜ್ಜ ಇನ್ನೂ ಡಂಗುರ ಸಾರುತ್ತಾ ಊರಬಾಗಿಲ ಹತ್ತಿರ ನಿಂತಿದ್ದಾನೆ, ಮುಂದಕ್ಕೆ ಹೋಗಿಲ್ಲ. ಅದನ್ನು ಬರೆದಿಡುತ್ತಿರುವವಳು ತಂಗಿ.