ಹೆಸರು ಬದಲಿಸಿದ ಹಡಗು

ಮುಂಬಯಿಯಲ್ಲಿ ಹಳೇ ಸ್ಕೂಟರು ಕೊಳ್ಳುವವರು ಬಗ್ಗಿ ಅಡಿಭಾಗ ನೋಡುತ್ತಾರೆ. ಮೇಲಿನ ಬಣ್ಣವನ್ನು ಯಾರೂ ನಂಬುವುದಿಲ್ಲ. ಹಾಯಿಹಡಗಿಗೂ ಅದೇ ನ್ಯಾಯ.

ಕುಕ್‌ನ ‘ಎಂಡೆವರ್’ ಕೂಡ ಸೆಕೆಂಡ್ ಹ್ಯಾಂಡ್ ಮಾಲೇ. ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲಿನ ಹಡಗು, ಹೆಸರು ‘ಅರ್ಲ್ ಆಫ್ ಪೆಂಬ್ರೋಕ್’. 1768ರಲ್ಲಿ ಡೆಟ್‌ಫರ್ಡ್ ನೌಕಾಂಗಣದವರು ಅದನ್ನು ಪರೀಕ್ಷಿಸಿ, ವಯಸ್ಸು ಮೂರು ವರ್ಷ ಒಂಬತ್ತು ತಿಂಗಳು ಎಂದು ಬರೆದರು. ನೌಕಾಪಡೆ ಸುಮಾರು 2,800 ಪೌಂಡಿಗೆ ಕೊಂಡಿತು. ಚಪ್ಪಟೆ ತಳ, ಅಗಲ ಹೊಟ್ಟೆ, ಚೆಲುವೇನಿಲ್ಲ. ಮರ ಕೊರೆಯುವ ಹುಳುವಿಗೆ ತಡೆಯಾಗಿ ತಳಕ್ಕೆ ಇನ್ನೊಂದು ಪದರ ಹಲಗೆ ಹೊಡೆದರು.

1770ರ ಜೂನಿನಲ್ಲಿ ಹಡಗು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿಯಿತು. ಚಪ್ಪಟೆ ತಳವಿದ್ದದ್ದಕ್ಕೆ ದಡಕ್ಕೆಳೆದು ತೇಪೆ ಹಾಕುವುದು ಸಾಧ್ಯವಾಯಿತು. ಪೂರ್ತಿ ಲೆಕ್ಕ ಸಿಕ್ಕಿದ್ದು ಬಟಾವಿಯಾದಲ್ಲಿ, ಹಡಗನ್ನು ಮಗ್ಗುಲಿಗೆ ವಾಲಿಸಿದಾಗ. ಒಂದೆಡೆ ಹಲಗೆ ಉಳಿದದ್ದು ಅಂಗುಲದ ಎಂಟನೇ ಒಂದು ಭಾಗ! ಹುಳು ಒಳಮರಕ್ಕೂ ಇಳಿದಿತ್ತು. ಅಷ್ಟು ದಿನ ಸಮುದ್ರಕ್ಕೂ ಅಷ್ಟು ಜೀವಗಳಿಗೂ ನಡುವೆ ಇದ್ದದ್ದು ಅಷ್ಟೇ.

1775ರಲ್ಲಿ ನೌಕಾಪಡೆ ಅದನ್ನು 645 ಪೌಂಡಿಗೆ ಮಾರಿತು. ಕೊಂಡವನು ಅಮೆರಿಕದ ಯುದ್ಧಕ್ಕೆ ಸಾಗಣೆ ಹಡಗಾಗಿ ಅದನ್ನು ಸರಕಾರಕ್ಕೇ ಒಪ್ಪಿಸಲು ಹೋದ. ಬೇಡವೆಂದರು. ‘ಲಾರ್ಡ್ ಸ್ಯಾಂಡ್‌ವಿಚ್’ ಎಂದು ಹೆಸರು ಬದಲಿಸಿ ಮತ್ತೆ ತಂದ. ಡೆಟ್‌ಫರ್ಡಿನವರು ಮೋಸಹೋಗಲಿಲ್ಲ: ಸೇವೆಗೆ ಯೋಗ್ಯವಲ್ಲ, ಇದು ನಾವೇ ಮಾರಿದ ಎಂಡೆವರ್, ಹಿಂದೆಯೂ ನಿರಾಕರಿಸಿದ್ದೇವೆ ಎಂಬ ಅರ್ಥದ ಷರಾ ಬರೆದರು. ಕುಕ್‌ಗಿಂತ ನನಗೆ ಆ ಷರಾ ಬರೆದವನೇ ಹೆಚ್ಚು ಇಷ್ಟ.

ರಿಪೇರಿಯಾದ ಮೇಲೆ, ಮೂರನೇ ಸಲಕ್ಕೆ, ಒಪ್ಪಿದರು. 1778ರಲ್ಲಿ ನ್ಯೂಪೋರ್ಟ್ ಬಂದರಿಗೆ ಫ್ರೆಂಚರು ನುಗ್ಗದಂತೆ ದಾರಿ ಕಟ್ಟಲು ಬ್ರಿಟಿಷರೇ ಅದನ್ನು ಮುಳುಗಿಸಿದರು.