ವ್ಯಾಕ್ಯೂಮ್ ಅಚ್ಚಿನ ವಿಮಾನ ಮಾದರಿ

ಕಾಯಿಸಿ ಮೆದುವಾಗಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಅಡಿಯ ಗಾಳಿಯನ್ನು ಹೀರಿ ತೆಗೆದಾಗ ಮೂಡುವ ಭಾಗಗಳಿಂದ ಕಟ್ಟುವ ಅಳತೆಬದ್ಧ ವಿಮಾನಕ್ಕೆ ವ್ಯಾಕ್ಯೂಮ್ ಅಚ್ಚಿನ ಮಾದರಿ ಎನ್ನುತ್ತಾರೆ. ಹವ್ಯಾಸಿಗಳ ಬಾಯಲ್ಲಿ ಇದು ‘ವ್ಯಾಕ್‌ಫಾರ್ಮ್’. ಇಂಥ ಕಿಟ್‌ನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾದ ಭಾಗಗಳು ಇರುವುದಿಲ್ಲ. ಬೋರಲು ಹಾಕಿದ ಇಡ್ಲಿ ತಟ್ಟೆಯಂತೆ ಅಲ್ಲಲ್ಲಿ ಉಬ್ಬಿದ ಬಿಳಿ ಪಾಲಿಸ್ಟೈರೀನ್ ಹಾಳೆಗಳಿರುತ್ತವೆ. ಆ ಉಬ್ಬುಗಳೇ ವಿಮಾನದ ಒಡಲಿನ ಎರಡು ಹೋಳು, ರೆಕ್ಕೆಯ ಮೇಲ್ಮೈ ಮತ್ತು ಕೆಳಮೈ, ಎಂಜಿನ್ ಕವಚಗಳು. ಕತ್ತರಿಸಿ ತೆಗೆಯುವುದು, ಉಜ್ಜಿ ಸಮ ಮಾಡುವುದು, ಒಳಗೆ ಎಲುಬುಗೂಡು ಕೊಡುವುದು ಎಲ್ಲವೂ ಕಟ್ಟುವವರ ಕೆಲಸ. ಈ ಕಸುಬಿನ ಕಷ್ಟವೂ ಚೆಲುವೂ ಬಹುಪಾಲು ಹಾಳೆಯ ದಪ್ಪವನ್ನೇ ಸುತ್ತಿಕೊಂಡಿವೆ. ಅದು ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು.

ಅಚ್ಚಿಳಿಸುವಾಗ ದುಡಿಯುವುದು ವಾತಾವರಣದ ಒತ್ತಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಿಗಿ ಕಳೆದುಕೊಂಡು ಜೋಲತೊಡಗುತ್ತದೆ. ಆಗ ಅಡಿಯ ಗಾಳಿಯನ್ನು ತೆಗೆದರೆ ಮೇಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ ಒಂದು ಕಿಲೋ ಭಾರದಷ್ಟು ಒತ್ತುತ್ತದೆ; 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಹಾಳೆಯ ಮೇಲೆ ಅದು ಸುಮಾರು 600 ಕಿಲೋ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದರ ಒಂದು ಸಣ್ಣ ಪಾಲನ್ನಷ್ಟೇ ಒದಗಿಸಿದರೂ ಚಿಕ್ಕ ಭಾಗಗಳಿಗೆ ಅಷ್ಟು ಸಾಕು. ಅಮೆರಿಕದ ಮಾಟೆಲ್ ಕಂಪನಿ 1960ರ ದಶಕದ ಮೊದಲಲ್ಲಿ ‘ವ್ಯಾಕ್-ಯು-ಫಾರ್ಮ್’ ಎಂಬ ಆಟಿಕೆಯನ್ನೇ ಮಾರಿತು. ಮಕ್ಕಳು ಅದರಲ್ಲಿ ಪ್ಲಾಸ್ಟಿಕ್ ಕಾಯಿಸಿ ತಾವೇ ಅಚ್ಚು ಇಳಿಸುತ್ತಿದ್ದರು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್‌ಗಳು ಇಂಜೆಕ್ಷನ್ ವಿಧಾನದವು. ಕರಗಿದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಲೋಹದ ಅಚ್ಚಿಗೆ ತಳ್ಳುವ ಆ ವಿಧಾನದಲ್ಲಿ ಅಚ್ಚು ಕೊರೆಸುವ ಖರ್ಚು ದೊಡ್ಡದು. ಸಾವಿರಾರು ಪೆಟ್ಟಿಗೆ ಮಾರಾಟವಾಗದ ಹೊರತು ಅದು ಹುಟ್ಟುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಗಳು ಸ್ಪಿಟ್‌ಫೈರ್, ಮಸ್ಟಾಂಗ್‌ನಂಥ ಹೆಸರಾಂತ ಯುದ್ಧವಿಮಾನಗಳನ್ನೇ ಮತ್ತೆ ಮತ್ತೆ ತಂದವು. ಹಾರುವ ದೋಣಿಗಳು, ಎರಡು ಮಹಾಯುದ್ಧಗಳ ನಡುವಿನ ಬಾಂಬರ್‌ಗಳು, ಹಳೆಯ ಪ್ರಯಾಣಿಕ ವಿಮಾನಗಳು ಕಪಾಟಿನ ಹೊರಗೇ ಉಳಿದವು. ಆ ಜಾಗವನ್ನು ತುಂಬಿದ್ದು ಬ್ರಿಟನ್ನಿನ ಕಾಂಟ್ರೇಲ್ ಮತ್ತು ರೇರ್‌ಪ್ಲೇನ್ಸ್, ಜರ್ಮನಿಯ ಏರ್‌ಮಾಡೆಲ್, ಅಮೆರಿಕದ ಕೋಸ್ಟರ್‌ನಂಥ ಪುಟ್ಟ ಸಂಸ್ಥೆಗಳು. ಮರದಲ್ಲೋ ರಾಳದಲ್ಲೋ ಮಾಡಿದ ಅಚ್ಚು ಅವಕ್ಕೆ ಸಾಕಿತ್ತು. ಕೆಲವೇ ನೂರು ಜನ ಬಯಸುವ ವಿಮಾನವೂ ಹೀಗೆ ಮೇಜಿನ ಮೇಲೆ ಬರಲು ಸಾಧ್ಯವಾಯಿತು.

ಕಟ್ಟುವ ಕೆಲಸ ಪೆನ್ಸಿಲಿನಿಂದ ಶುರು. ಪ್ರತಿ ಭಾಗವೂ ಹಾಳೆಯನ್ನು ಮುಟ್ಟುವ ಮೂಲೆಯುದ್ದಕ್ಕೂ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯ ಹೊರಗಡೆ ಬ್ಲೇಡನ್ನು ಓರೆಯಾಗಿ ಹಿಡಿದು ಹಗುರವಾಗಿ ಗೀರುತ್ತಾರೆ. ಪೂರ್ತಿ ಕೊಯ್ಯಬೇಕಾಗಿಲ್ಲ, ಒಂದೆರಡು ಗೀರು ಬಿದ್ದ ಮೇಲೆ ಹಾಳೆಯನ್ನು ಹಿಂದೆ ಮುಂದೆ ಬಾಗಿಸಿದರೆ ಅಲ್ಲಿಗೇ ಮುರಿದು ಬರುತ್ತದೆ. ಆಮೇಲೆ ಉಜ್ಜುವಿಕೆ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ, ಭಾಗವನ್ನು ಬೋರಲು ಹಾಕಿ ಸುತ್ತುಸುತ್ತಾಗಿ ಉಜ್ಜುತ್ತಾರೆ. ಹಿಡಿತಕ್ಕೆ ಬೆನ್ನಿನ ಮೇಲೆ ಟೇಪಿನ ಹಿಡಿಕೆ ಅಂಟಿಸಿಕೊಳ್ಳುವುದುಂಟು. ಸುತ್ತಲಿನ ಅಂಚು ಸವೆದು ಪೊರೆಯಷ್ಟು ತೆಳುವಾಗಿ, ಪೆನ್ಸಿಲ್ ಗೆರೆ ತಲುಪಿದ ಕೂಡಲೇ ನಿಲ್ಲಿಸಬೇಕು.

ಎಲ್ಲಿ ನಿಲ್ಲಿಸಬೇಕೆಂಬುದೇ ಇಲ್ಲಿನ ವಿದ್ಯೆ. ಒಡಲಿನ ಪ್ರತಿ ಹೋಳಿನಲ್ಲೂ ಹಾಳೆಯ ಒಂದು ಮಿಲಿಮೀಟರ್ ಹೆಚ್ಚಾಗಿ ಉಳಿದರೆ, ಎರಡೂ ಕೂಡಿದಾಗ ಮಾದರಿ 2 ಮಿಲಿಮೀಟರ್ ಅಗಲವಾಗುತ್ತದೆ. 1/72 ಅಳತೆಯಲ್ಲಿ ಅದು ನಿಜ ವಿಮಾನದ ಸುಮಾರು 14 ಸೆಂಟಿಮೀಟರ್. ಮೂತಿ ಊದಿಕೊಂಡಂತೆ ಕಾಣಲು, ಕ್ಯಾನೊಪಿ (ಚಾಲಕನ ಮೇಲಿನ ಪಾರದರ್ಶಕ ಮುಚ್ಚಳ) ಕೂರದೆ ಹೋಗಲು ಅಷ್ಟು ಸಾಕು. ಒಂದು ಬದಿಗೆ ಕೈ ಹೆಚ್ಚು ಒತ್ತಿದರೆ ಹೋಳು ಓರೆಯಾಗುತ್ತದೆ. ಅಳೆದಾಗ ಸರಿಯೆನಿಸಿದ ಮೂತಿ ಜೋಡಿಸಿದಾಗ ಸೊಟ್ಟಗೆ ನಿಲ್ಲುತ್ತದೆ. ಆದ್ದರಿಂದ ನುರಿತವರು ಎರಡು ಹೋಳುಗಳನ್ನೂ ಪದೇ ಪದೇ ಹೊಂದಿಸಿ ನೋಡುತ್ತಾರೆ, ಭಾಗವನ್ನು ತಿರುಗಿಸಿ ತಿರುಗಿಸಿ ಉಜ್ಜುತ್ತಾರೆ.

ರೆಕ್ಕೆಯ ಹಿಂಬದಿಯ ಅಂಚು ಇನ್ನೂ ಕಠಿಣ. ಅಲ್ಲಿ ಮೇಲಿನ ಹಾಳೆ, ಕೆಳಗಿನ ಹಾಳೆ ಎರಡೂ ಸೇರುತ್ತವೆ. ಹಾಗೇ ಅಂಟಿಸಿದರೆ ನಿಜ ವಿಮಾನದಲ್ಲಿ ಬೆರಳಿನಷ್ಟೂ ದಪ್ಪವಿರದ ಅಂಚು ಅಳತೆಯ ಪ್ರಕಾರ ಸುಮಾರು 14 ಸೆಂ.ಮೀ. ದಪ್ಪವಾಗುತ್ತದೆ. ಹಾಗಾಗಿ ಎರಡನ್ನೂ ಒಳಗಿನಿಂದ ಇಳಿಜಾರಾಗಿ ಹೆರೆದು, ಬೆಳಕಿಗೆ ಹಿಡಿದರೆ ಪ್ಲಾಸ್ಟಿಕ್ಕಿನಾಚೆ ಹೊಳಪು ಕಾಣುವವರೆಗೆ ತೆಳುವಾಗಿಸುತ್ತಾರೆ. ವ್ಯಾಕ್‌ಫಾರ್ಮ್ ಮಾದರಿಯ ಗುಣಮಟ್ಟ ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಈ ಅಂಚನ್ನು. ಬಣ್ಣ ಎಷ್ಟೇ ಸೊಗಸಾಗಿದ್ದರೂ ದಪ್ಪ ಅಂಚು ವಿಮಾನವನ್ನು ಆಟಿಕೆಯಾಗಿಸುತ್ತದೆ.

ಭಾಗಗಳನ್ನು ಕೂಡಿಸಲು ಇಲ್ಲಿ ಗೂಟವಿಲ್ಲ, ತೂತಿಲ್ಲ. ಒಂದು ಹೋಳಿನ ಒಳ ಅಂಚಿಗೆ ಪ್ಲಾಸ್ಟಿಕ್ ಪಟ್ಟಿಯ ತುಂಡುಗಳನ್ನು ನಾಲಗೆಯಾಗಿ ಅಂಟಿಸಿದರೆ ಇನ್ನೊಂದು ಹೋಳು ಅದರ ಮೇಲೆ ಕೂರುತ್ತದೆ. ಒಡಲಿನೊಳಗೆ ಅಡ್ಡಗೋಡೆಗಳು ಬೇಕು, ಇಲ್ಲದಿದ್ದರೆ ಬೆರಳು ಒತ್ತಿದಲ್ಲಿ ಜೋಡಣೆ ಬಿರಿಯುತ್ತದೆ. ರೆಕ್ಕೆಗೆ ಒಡಲನ್ನು ಹಾಯ್ದುಹೋಗುವ ತೊಲೆ ಬೇಕು. ದೊಡ್ಡ ಮಾದರಿಗಳಲ್ಲಿ ಹಿತ್ತಾಳೆ ಕೊಳವೆಯನ್ನೇ ಬಳಸುತ್ತಾರೆ. ದ್ರವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು. ಹಾಳೆ ತೆಳುವಾದ ಕಡೆ ಅದು ಅತಿಯಾದರೆ ಮೈಯೇ ಕುಸಿದು ತಗ್ಗು ಬೀಳುತ್ತದೆ. ಚಕ್ರ, ಪ್ರೊಪೆಲ್ಲರ್, ಬಂದೂಕುಗಳು ಕೆಲವು ಕಿಟ್‌ಗಳಲ್ಲಿ ಬಿಳಿ ಲೋಹದ ಎರಕವಾಗಿ ಬರುತ್ತವೆ. ಹಲವು ಹಳೆಯ ಕಿಟ್‌ಗಳಲ್ಲಿ ಅವನ್ನು ಬೇರೆ ಪೆಟ್ಟಿಗೆಗಳಿಂದ ಹೊಂದಿಸಿಕೊಳ್ಳಬೇಕು.

ಕ್ಯಾನೊಪಿಯಲ್ಲಿ ಮಾತ್ರ ಹಾಳೆಯ ದಪ್ಪ ಕಟ್ಟುವವರ ಪರವಾಗಿ ನಿಲ್ಲುತ್ತದೆ. ಇಂಜೆಕ್ಷನ್ ಕಿಟ್‌ನ ಒಂದು ಮಿಲಿಮೀಟರ್ ಪಾರದರ್ಶಕ ಮುಚ್ಚಳ 1/72ರಲ್ಲಿ 7 ಸೆಂ.ಮೀ. ದಪ್ಪದ ಗಾಜಿಗೆ ಸಮ. ಕಾಲು ಮಿಲಿಮೀಟರಿನ ವ್ಯಾಕ್ಯೂಮ್ ಅಚ್ಚಿನ ಮುಚ್ಚಳ 2 ಸೆಂ.ಮೀ.ಗೂ ಕಡಿಮೆ. ಒಳಗಿನ ಆಸನ, ಮೀಟರುಗಳು ನಿಚ್ಚಳವಾಗಿ ಕಾಣುತ್ತವೆ. ನ್ಯೂಜಿಲೆಂಡಿನ ಫಾಲ್ಕನ್ ಸಂಸ್ಥೆ ಇಂಜೆಕ್ಷನ್ ಕಿಟ್‌ಗಳಿಗೆ ಬದಲಿಯಾಗಿ ಹಾಕಲೆಂದೇ ಇಂಥ ಮುಚ್ಚಳಗಳನ್ನು ತಯಾರಿಸಿತು. ಕತ್ತರಿಸುವಾಗ ಬಾಗದಂತೆ ಒಳಗೆ ಮೆದು ಜೇಡಿಯನ್ನು ತುಂಬಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅಂಟಿಸಲು ಮರಗೆಲಸದ ಬಿಳಿ ಅಂಟು ಸಾಕು; ಸೂಪರ್ ಗ್ಲೂವಿನ ಆವಿ ತಾಗಿದರೆ ಮುಚ್ಚಳ ಮಂಜಾಗುತ್ತದೆ.

ಸವಾಲಿನ ಮಾದರಿಗೆ ಉದಾಹರಣೆಯಾಗಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಎಚ್.ಪಿ. 42 ವಿಮಾನವನ್ನು ತೆಗೆದುಕೊಳ್ಳಬಹುದು. 1930ರ ನವೆಂಬರಿನಲ್ಲಿ ಮೊದಲು ಹಾರಿದ ಈ ಜೋಡಿ ರೆಕ್ಕೆಯ, ನಾಲ್ಕು ಎಂಜಿನ್‌ಗಳ ವಿಮಾನಗಳನ್ನು ಇಂಪೀರಿಯಲ್ ಏರ್‌ವೇಸ್‌ಗಾಗಿ ಎಂಟು ಮಾತ್ರ ಕಟ್ಟಿದರು. ನಾಲ್ಕು ಯೂರೋಪಿನ ಮಾರ್ಗಗಳಿಗೆ, ಇನ್ನು ನಾಲ್ಕು ಕೈರೋದಿಂದ ಕರಾಚಿಯತ್ತ ಸಾಗುವ ಭಾರತದ ಮಾರ್ಗವೂ ಸೇರಿದಂತೆ ಪೂರ್ವದ ಓಡಾಟಕ್ಕೆ. ಅವುಗಳಲ್ಲೊಂದಾದ ‘ಹ್ಯಾನಿಬಲ್’ 1940ರ ಮಾರ್ಚ್ 1ರಂದು ಓಮಾನ್ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಮದ್ರಾಸಿನ ಜಸ್ಟಿಸ್ ಪಕ್ಷದ ಮುಖಂಡ ಸರ್ ಎ.ಟಿ. ಪನ್ನೀರ್‌ಸೆಲ್ವಂ ಅದರಲ್ಲಿದ್ದರು. ಎಂಟರಲ್ಲಿ ಒಂದೂ ಉಳಿದಿಲ್ಲ. ಮಾದರಿಗಾರನಿಗೆ ಆಧಾರವೆಂದರೆ ನಕ್ಷೆಗಳು ಮತ್ತು ಛಾಯಾಚಿತ್ರಗಳು.

ಕಿಟ್ ಕಂಪನಿಯಾದ ಏರ್‌ಫಿಕ್ಸ್ ಎಚ್.ಪಿ. 42ರ ಇಂಜೆಕ್ಷನ್ ಕಿಟ್ ತಂದದ್ದು 1/144 ಎಂಬ ಸಣ್ಣ ಅಳತೆಯಲ್ಲಿ. 1/72ರಲ್ಲಿ ಮೇಲಿನ ರೆಕ್ಕೆಯೊಂದೇ 55 ಸೆಂ.ಮೀ. ಹರಡುತ್ತದೆ. ಟೊಳ್ಳು ಪ್ಲಾಸ್ಟಿಕ್ಕಿನ ಅಷ್ಟುದ್ದದ ರೆಕ್ಕೆ ಒಳಗೆ ಲೋಹದ ತೊಲೆಯಿಲ್ಲದಿದ್ದರೆ ಕಾಲಕ್ರಮೇಣ ಜೋತುಬೀಳುತ್ತದೆ. ಒಡಲಿನ ಮುಂಭಾಗಕ್ಕೆ ಏಣುಏಣಾದ ಲೋಹದ ತಗಡು, ಹಿಂಭಾಗಕ್ಕೆ ಬಟ್ಟೆ ಹೊದಿಸಿದ್ದ ವಿಮಾನವಿದು. ಜೋಡಣೆಯ ಗೆರೆಗೆ ಪುಟ್ಟಿ ತುಂಬಿ ಉಜ್ಜಿದರೆ ಪಕ್ಕದ ಏಣುಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಪುಟ್ಟಿ ಬೇಕಾಗದಷ್ಟು ಕರಾರುವಾಕ್ಕಾಗಿ ಹೋಳುಗಳನ್ನು ಸವೆಸಬೇಕು, ಇಲ್ಲವೇ ತೆಳು ಪ್ಲಾಸ್ಟಿಕ್ ಎಳೆಗಳಿಂದ ಏಣುಗಳನ್ನು ಮತ್ತೆ ಕೂರಿಸಬೇಕು. ಎಂಜಿನ್‌ಗಳು ಎರಡು ಮೇಲಿನ ರೆಕ್ಕೆಯಲ್ಲಿ, ಎರಡು ಕೆಳಗಿನದರಲ್ಲಿ. ಪ್ರತಿ ಜುಪಿಟರ್ ಎಂಜಿನ್ನಿಗೂ ಒಂಬತ್ತು ಸಿಲಿಂಡರ್; ಒಟ್ಟು 36 ಸಿಲಿಂಡರುಗಳು ಹೊರಗೆ ಕಾಣುತ್ತವೆ.

ಒಂದು ಅನುಕೂಲವೂ ಉಂಟು. ಆ ಕಾಲದ ಜೋಡಿ ರೆಕ್ಕೆಯ ವಿಮಾನಗಳಲ್ಲಿ ರೆಕ್ಕೆಗಳ ನಡುವೆ ಬಿಗಿದ ತಂತಿಗಳ ಬಲೆಯೇ ಇರುತ್ತಿತ್ತು. ಎಚ್.ಪಿ. 42ರಲ್ಲಿ ತಂತಿಯ ಬದಲು ಓರೆಯಾಗಿ ನಿಂತ ಆಸರೆ ಕಂಬಿಗಳು ತ್ರಿಕೋನಗಳ ಸಾಲಾಗಿ ರೆಕ್ಕೆಗಳನ್ನು ಹಿಡಿದಿದ್ದವು. ತಂತಿ ಕಟ್ಟುವ ಶ್ರಮ ತಪ್ಪಿತಾದರೂ ಪ್ರತಿ ಕಂಬಿಯ ಉದ್ದ, ಕೋನ ಸರಿಯಿರಬೇಕು. ಇಂಥ ಕಡೆ ರಟ್ಟಿನ ಚೌಕಟ್ಟು ಮಾಡಿ, ಮೇಲಿನ ರೆಕ್ಕೆಯನ್ನು ಅದರಲ್ಲಿ ನಿಲ್ಲಿಸಿಕೊಂಡು ಕಂಬಿಗಳನ್ನು ಒಂದೊಂದಾಗಿ ಕೂರಿಸುವುದು ನಂಬಿಗಸ್ತ ದಾರಿ.

1990ರ ದಶಕದಿಂದ ಜೆಕ್ ಮತ್ತು ಉಕ್ರೇನ್ ಸಂಸ್ಥೆಗಳು ಕಡಿಮೆ ಖರ್ಚಿನ ಅಚ್ಚುಗಳಿಂದ ಅಪರೂಪದ ವಿಮಾನಗಳ ಇಂಜೆಕ್ಷನ್ ಕಿಟ್‌ಗಳನ್ನು ತರತೊಡಗಿದ ಮೇಲೆ ವ್ಯಾಕ್‌ಫಾರ್ಮ್‌ನ ಮಾರುಕಟ್ಟೆ ಕುಗ್ಗಿತು. ದೊಡ್ಡ ಕಂಪನಿಗಳೂ ಹಿಂದೆ ಬಿಟ್ಟದ್ದನ್ನು ಕೈಗೆತ್ತಿಕೊಂಡವು. ವಿಕರ್ಸ್ ವೇಲಿಯಂಟ್ ಬಾಂಬರನ್ನು ಏರ್‌ಫಿಕ್ಸ್ 2011ರಲ್ಲಿ 1/72ರಲ್ಲಿ ತಂದಿತು. ಆದರೂ ತಮಗೆ ಬೇಕಾದ ಆಕಾರವನ್ನು ತಾವೇ ಇಳಿಸಿಕೊಳ್ಳಬೇಕೆನ್ನುವವರಿಗೆ ಈ ವಿಧಾನ ಇಂದಿಗೂ ಹೊಂದುತ್ತದೆ.

ಬೆಂಗಳೂರಿನಲ್ಲಿ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಎಲ್‌ನ ‘ಮಾರುತ್’ ಯುದ್ಧವಿಮಾನ ಇದಕ್ಕೆ ತಕ್ಕ ವಸ್ತು. ನಗರದ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಅದನ್ನು ಸುತ್ತಿ ನೋಡಬಹುದು. 15.87 ಮೀಟರ್ ಉದ್ದದ ಮಾರುತ್ 1/48ರಲ್ಲಿ 33 ಸೆಂ.ಮೀ. ಆಗುತ್ತದೆ. ಉಬ್ಬು ಅಚ್ಚು ಮಾಡುವವರು ಮರವನ್ನು ಎಲ್ಲ ಕಡೆಯೂ ಹಾಳೆಯ ದಪ್ಪದಷ್ಟು ಕಿರಿದಾಗಿ ಕೆತ್ತಬೇಕು. ಮಾರುತ್‌ನ ಸೊಂಟ ಒಳಕ್ಕೆ ಸರಿದಿರುವುದರಿಂದ ಒಡಲನ್ನು ಉದ್ದಕ್ಕೆ ಸೀಳಿ, ಅಲ್ಲಲ್ಲಿ ಅಡ್ಡಕೊಯ್ತದ ರಟ್ಟಿನ ಮಾದರಿ ಹಿಡಿದು ತಾಳೆ ನೋಡುತ್ತ ಕೆತ್ತುವುದು ಅಗತ್ಯ. ಅಚ್ಚನ್ನು ಕೆಲವು ಮಿಲಿಮೀಟರ್ ಎತ್ತರದ ಪೀಠದ ಮೇಲಿಟ್ಟರೆ ಹಾಳೆ ಬುಡದಲ್ಲಿ ಬಾಗುವ ವೃತ್ತ ಭಾಗದ ಅಂಚಿಗಿಂತ ಕೆಳಗೆ ಬೀಳುತ್ತದೆ, ಅಂಚು ನೇರವಾಗಿ ಬರುತ್ತದೆ. ಪಕ್ಕಗಳಲ್ಲಿರುವ ಗಾಳಿದ್ವಾರಗಳು ಅಚ್ಚಿನಿಂದ ಮುಚ್ಚಿದ ಉಬ್ಬುಗಳಾಗಿಯೇ ಬರುತ್ತವೆ. ಅವುಗಳ ಬಾಯನ್ನು ಕೊಯ್ದು ತೆರೆದು, ತುಟಿಯನ್ನು ಒಳಗಿನಿಂದ ಹೆರೆದು, ಒಳಗಾಲುವೆಯನ್ನು ಬೇರೆ ಹಾಳೆಯಿಂದ ಸುತ್ತಿ ಕೂರಿಸಬೇಕಾಗುತ್ತದೆ.