ಖಾಕಿ ಯಾರದು?

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ನೋಡುವ ಸಿಐಎಸ್‌ಎಫ್‌ನವರು ಖಾಕಿ, ಹೊರಗೆ ಬಾಡಿಗೆಗೆ ಕಾಯುವ ರಿಕ್ಷಾದವರೂ ಖಾಕಿ. ಆದರೆ ಪೇಪರಿನಲ್ಲಿ ‘ಖಾಕಿ ಬಲೆಗೆ ಬಿದ್ದ ಕಳ್ಳ’ ಎಂದು ಓದಿದರೆ, ರಿಕ್ಷಾದವರು ಹಿಡಿದರೆಂದು ಯಾರೂ ತಿಳಿಯುವುದಿಲ್ಲ. ಬಟ್ಟೆಯ ಬಣ್ಣ ಕನ್ನಡದಲ್ಲಿ ಒಂದು ಇಲಾಖೆಯ ಹೆಸರೇ ಆಗಿಬಿಟ್ಟಿದೆ. ಖಾದಿ, ಖಾಕಿ, ಕಾವಿ ಎಂದು ಮೂರೇ ಮಾತಿನಲ್ಲಿ ನಾಡಿನ ಅಧಿಕಾರವನ್ನೆಲ್ಲ ಹೇಳಿ ಮುಗಿಸುವ ಸೌಲಭ್ಯ ಪಾಪ, ಇಂಗ್ಲಿಷಿಗಿಲ್ಲ.

ಇಂಗ್ಲಿಷಿನವರಿಗೂ ಖಾಕಿ ಕಡ ತಂದ ಪದ. ಪಾರ್ಸಿಯಲ್ಲಿ ‘ಖಾಕ್’ ಎಂದರೆ ಧೂಳು, ಮಣ್ಣು. ಅದು ಉರ್ದುವಿನ ದಾರಿ ಹಿಡಿದು ಬ್ರಿಟಿಷ್ ದಂಡು ಸೇರಿತು. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆಯವರು ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಮಣ್ಣಿನ ಬಣ್ಣ ತೊಟ್ಟರು. ಬೋಯರ್ ಯುದ್ಧದ ನಡುವೆ, 1900ರಲ್ಲಿ ಬ್ರಿಟನ್ನಿನಲ್ಲಿ ನಡೆದ ಚುನಾವಣೆಗೆ ‘ಖಾಕಿ ಚುನಾವಣೆ’ ಎಂದೇ ಹೆಸರು ಬಿತ್ತು.

ಈ ಎರಡು ಇಸವಿಗಳ ನಡುವೆ ಬರುವುದು ಮಂಗಳೂರು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರವಾಗಿ ಮನೆ-ಕಸುಬು ಕಳೆದುಕೊಂಡವರಿಗೆ ದುಡಿಮೆ ಬೇಕಲ್ಲ ಎಂದು ಬಲ್ಮಠದಲ್ಲಿ ಮಗ್ಗ ಹೂಡಿದರು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆ ಬಲ್ಲವರು. ಬಲ್ಮಠದ ನೂಲಿಗೆ ಖಾಕಿ ಬಣ್ಣ ಹತ್ತಿದ್ದು ಅವರ ಕೈಯಿಂದ. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಈ ನೇಯ್ಗೆ ಕಾರ್ಖಾನೆಗೆ ಬಂದು, ಬಟ್ಟೆ ನೋಡಿ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದರೆಂಬುದು ಊರಿನವರು ಹೆಮ್ಮೆಯಿಂದ ಹೇಳುವ ಕಥೆ.

ನನಗೆ ಮೋಜೆನಿಸುವುದು ಬೇರೆ. ನಮ್ಮದೇ ಕರಾವಳಿಯ ಕಲ್ಲಿಕೋಟೆ ಇಂಗ್ಲಿಷಿಗೆ ‘ಕ್ಯಾಲಿಕೊ’ ಕೊಟ್ಟಿತು, ಮುಂಬೈಯ ಡೋಂಗ್ರಿ ‘ಡಂಗರೀಸ್’ ಕೊಟ್ಟಿತು. ಮಂಗಳೂರು ಅಷ್ಟೆಲ್ಲ ನೆಯ್ದರೂ ಅದರ ಹೆಸರು ಹತ್ತಿದ್ದು ಬಟ್ಟೆಗಲ್ಲ, ಹೆಂಚಿಗೆ! ಅದೂ ಅದೇ ಮಿಷನ್ನಿನವರು 1865ರಲ್ಲಿ ಸುಡಲು ಶುರುಮಾಡಿದ ಹೆಂಚಿಗೆ.

ಕಾಣಿಸದಿರಲೆಂದು ತೊಟ್ಟ ಬಣ್ಣ ಇವತ್ತು ವಿಮಾನ ನಿಲ್ದಾಣದ ಹತ್ತಿರದ ಕೆಂಜಾರಿನ ತಿರುವಿನಲ್ಲಿ ಹೆಲ್ಮೆಟ್ ಇಲ್ಲದವನ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುತ್ತದೆ. ಇನ್ನು, ಖಾಕಿ ಹುಟ್ಟಿದ್ದೇ ನಮ್ಮೂರಿನಲ್ಲಿ ಎಂದು ವೇದಿಕೆ ಹತ್ತಿ ಹೇಳುವವರಲ್ಲಿ ಒಂದು ವಿನಂತಿ: ಪದವನ್ನು ಪೇಶಾವರದ ಕಡೆಯವರಿಗೆ ಬಿಟ್ಟುಬಿಡಿ, ಬಲ್ಮಠದ ಮಗ್ಗವನ್ನು ಮಾತ್ರ ಬಿಡಬೇಡಿ.